ಲೇಸು

ಕಲ್ವರ್ ಸಿಟಿಯ ಸ್ಟುಡಿಯೋದಲ್ಲಿ ಎರಡನೇ ಮಹಡಿ,
ಕಿಟಕಿಯಿಲ್ಲದ ಕೋಣೆ, ಅಂಟಿನ ಘಾಟು.
ಮೂವತ್ತೊಂದು ವರ್ಷ ಅಲ್ಲಿ ಕೂತು
ಬೇರೆಯವರ ಮುಖಗಳನ್ನು ಕತ್ತರಿಸಿದೆ, ಅಂಟಿಸಿದೆ.
ವರ್ನಾ ಹಾಲ್ಕಂಬ್ ಎಂಬ ನನ್ನ ಹೆಸರು
ತೆರೆಯ ಮೇಲೆ ಬಂದದ್ದು ಎರಡೇ ಸಲ,
ಒಮ್ಮೆ ಕಾಗುಣಿತ ತಪ್ಪಾಗಿ.

ಮಕ್ಕಳನ್ನು ಕಂಡಿದ್ದೇನೆ ಬೇಕಾದಷ್ಟು.
ಅಪ್ಪಾ ಎಂದು ಓಡಿ ಬರುವಾಗಲೂ
ಕೆನ್ನೆಯ ಗುಳಿಯನ್ನು ಕ್ಯಾಮೆರಾದ ಕಡೆಗೇ
ತಿರುಗಿಸಿಟ್ಟ ಹುಡುಗಿಯರು.
ಮೂರೆಣಿಸುವುದರೊಳಗೆ ಒಂದೇ ಒಂದು ಹನಿ
ಇಳಿಸಬಲ್ಲ ಒಬ್ಬ ಪೋರ,
ಯಾವ ಕಣ್ಣು ಬೇಕು ಸಾರ್, ಎಂದು ಕೇಳುತ್ತಿದ್ದನಂತೆ.
ಅವರನ್ನು ಹಳಿಯಲಾರೆ.
ಆ ಹನಿಯಿಂದಲೇ ಬಾಡಿಗೆ ಕಟ್ಟುವ ಮನೆಗಳಿದ್ದವು.

ಡೆಲ್ಮರ್ ಸ್ಟ್ರೌಡ್ ಬಂದದ್ದು ಬೇರೆ ದಾರಿಯಲ್ಲಿ.
ಗ್ಲೆಂಡೇಲಿನ ಹಾಲಿನ ಗಾಡಿಯವನ ಮಗ, ಏಳು ವರ್ಷ.
ಕ್ಯಾಂಟೀನಿಗೆ ಬಾಟಲಿ ಹೊತ್ತು ತಂದಾಗ ಯಾರೋ ನೋಡಿದರು.
ಮುಂದಿನ ಹಲ್ಲೊಂದು ಇರಲಿಲ್ಲ.
ಕಟ್ಟಿಸಿದರು; ಮಧ್ಯಾಹ್ನದ ಊಟದಲ್ಲಿ ಕಳೆದ.
ಮತ್ತೆ ಕಟ್ಟಿಸಿದರು, ಮತ್ತೆ ಕಳೆದ.
ಕೊನೆಗೆ ಹಾಗೇ ಬಿಟ್ಟರು, ದೇವರು ದೊಡ್ಡವನು.

ದೃಶ್ಯ ಇಷ್ಟೇ. ಮೆಟ್ಟಿಲ ಮೇಲೆ ಹುಡುಗ.
ಚಿಕ್ಕಮ್ಮ ಬಂದು ಹೇಳುತ್ತಾಳೆ:
ಹಡಗು ಮುಳುಗಿತು, ನಿನ್ನಪ್ಪ ಇನ್ನಿಲ್ಲ.
ಹುಡುಗ ಅಳಬೇಕು.
ಮೊದಲ ಟೇಕಿನಲ್ಲಿ ಆಕಳಿಸಿದ.
ಎರಡರಲ್ಲಿ ದೀಪ ಒಡೆಯಿತು.
ಮೂರರಲ್ಲಿ ಅತ್ತ,
ಅಳುವವರ ಹಾಗೆ ಅತ್ತ, ನೋಡಲಾಗಲಿಲ್ಲ.
ನಿರ್ದೇಶಕರು ಗದರಿದರು, ಆಮೇಲೆ ಚಾಕೊಲೇಟು ಕೊಟ್ಟರು;
ಅದರ ಕಲೆ ಐದನೆಯದರಲ್ಲೂ ಇದೆ, ಗದ್ದದ ಮೇಲೆ.

ಏಳನೆಯದು.
ಚಿಕ್ಕಮ್ಮ ಹೇಳುತ್ತಾಳೆ. ಕೇಳುತ್ತಾನೆ.
ಆಮೇಲೆ ಬಗ್ಗಿ ಬೂಟಿನ ಲೇಸು ನೋಡುತ್ತಾನೆ.
ಬಿಚ್ಚಿದೆ.
ಒಂದು ಕುಣಿಕೆ, ಅದರೊಳಗೆ ಇನ್ನೊಂದು,
ಎಳೆದರೆ ಎರಡೂ ಇಲ್ಲ.
ನಾಲಿಗೆಯ ತುದಿ ಹಲ್ಲಿಲ್ಲದ ಸಂದಿಯಲ್ಲಿ.
ಮತ್ತೆ ಮೊದಲಿಂದ. ಹದಿನಾಲ್ಕು ಸೆಕೆಂಡು.
ಚಿಕ್ಕಮ್ಮನಾಗಿದ್ದ ಮಹಾನಟಿ
ಮುಂದಿನ ಮಾತು ಮರೆತು ಸುಮ್ಮನೆ ನಿಂತಿದ್ದಾಳೆ,
ಜೀವಮಾನದಲ್ಲಿ ಮೊದಲ ಸಲ ಚೆನ್ನಾಗಿ ನಟಿಸುತ್ತ.

ಕತ್ತರಿ ಕೆಳಗಿಟ್ಟೆ.

ಕಣ್ಣೀರೆಲ್ಲಿ, ಎಂದರು ಮೇಲಿನವರು.
ಪಾಸಡೀನಾದಲ್ಲಿ ಮೊದಲು ತೋರಿಸಿದ ರಾತ್ರಿ
ಒಂಬೈನೂರು ಜನ ಕತ್ತಲಲ್ಲಿ ಕೆಮ್ಮಲಿಲ್ಲ.
ಮೇಲಿನವರು ಮೂಗೊರೆಸಿಕೊಂಡು
ನೆಗಡಿ ಎಂದರು.

ಮುಂದಿನ ಚಿತ್ರದಲ್ಲಿ ಲೇಸು ಕಟ್ಟುವುದನ್ನು
ಬರೆದೇ ಕೊಟ್ಟರು ಅವನಿಗೆ.
ಕಟ್ಟಿದ. ತಪ್ಪಬೇಕಾದಲ್ಲಿ ತಪ್ಪಿದ.
ನಾಲಿಗೆಯನ್ನೂ ಹೊರಗಿಟ್ಟ, ಬೆಳಕು ಬೀಳುವ ಕಡೆಗೆ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಅನ್ನುತ್ತಾರಲ್ಲ,
ಬಗ್ಗಿತ್ತು ಗಿಡ.
ಎಷ್ಟು ಅಂದವಾಗಿ ಬಗ್ಗಿತ್ತೆಂದರೆ
ಆ ರಾತ್ರಿ ನಾನು ಇಳಿಯುವ ನಿಲ್ದಾಣ ದಾಟಿ
ಕೊನೆಯ ಸ್ಟಾಪಿನವರೆಗೂ ಟ್ರಾಮಿನಲ್ಲೇ ಕೂತಿದ್ದೆ.

ಇಪ್ಪತ್ತಾರು ವರ್ಷದ ಮೇಲೆ ಫ್ರೆಸ್ನೋದಿಂದ ಕಾಗದ.
ಮೊಳೆ, ಬಣ್ಣ, ನಲ್ಲಿ ಮಾರುವ ಅಂಗಡಿಯಂತೆ ಅವನದು.
"ಅಪ್ಪ ಸತ್ತಂತೆ ಊಹಿಸಿಕೊಂಡೆಯಾ ಎಂದು
ಈಗಲೂ ಕೇಳುತ್ತಾರೆ ಮೇಡಂ.
ಅಪ್ಪ ಅಲ್ಲೇ ಇದ್ದರು, ದೀಪಗಳ ಹಿಂದೆ,
ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.
ಲೇಸು ಬಿಚ್ಚಿತ್ತು. ಎದ್ದರೆ ಎಡವುತ್ತೇನೆ,
ಅಷ್ಟು ಜನರ ಮುಂದೆ ಅವರಿಗೆ ನಾಚಿಕೆ,
ಅದಕ್ಕೇ ಕಟ್ಟಿದೆ. ಅಷ್ಟೇ."

ಅಷ್ಟೇ ಲೇಸು.

ಆ ಟೇಕಿನ ತುದಿಯ ಹತ್ತು ಚೌಕ ನನ್ನ ಬಳಿ ಇವೆ,
ಕದ್ದದ್ದು, ಹೊಗೆಸೊಪ್ಪಿನ ಡಬ್ಬಿಯಲ್ಲಿ.
ಥಟ್ಟನೆ ಹೊತ್ತಿಕೊಳ್ಳುವ ಜಾತಿಯ ಫಿಲ್ಮು,
ಮನೆಯಲ್ಲಿ ಇಡಬಾರದು. ಇಟ್ಟಿದ್ದೇನೆ.
ಈ ಮನೆಗೆ ಕಿಟಕಿಯಿದೆ.
ಬಿಸಿಲಿಗೆ ಹಿಡಿದರೆ ಹೆಬ್ಬೆರಳಿನ ಉಗುರಿನಷ್ಟು ಹುಡುಗ,
ಬಗ್ಗಿದ್ದಾನೆ,
ಎರಡನೇ ಕುಣಿಕೆ ಇನ್ನೂ ಬಿಗಿದಿಲ್ಲ.